ಮೊದಲು ‘ರೆಡಿ’, ಆಮೇಲೆ ‘ರಿಮೂವ್ಡ್’

ನಾನು ಯಾವ ಕೆಲಸ ಮಾಡುತ್ತಿದ್ದೆ ಎಂಬುದು ನಮ್ಮ ಮನೆಯವರಿಗೆ ನಾನು ನಿವೃತ್ತನಾಗುವವರೆಗೂ ಸರಿಯಾಗಿ ತಿಳಿಯಲಿಲ್ಲ. ಕಂಪ್ಯೂಟರ್ ರಿಪೇರಿ ಎಂದುಕೊಂಡಿದ್ದರು. ಗಲ್ಲಿಯಲ್ಲಿ ಯಾರದಾದರೂ ಟಿವಿ ಕೆಟ್ಟರೆ, ಮಿಕ್ಸರ್ ನಿಂತರೆ ನನಗೇ ಕರೆ ಬರುತ್ತಿತ್ತು. ನಾನೂ ಹೋಗುತ್ತಿದ್ದೆ. ಹೋಗಿ ನೋಡಿ, ನನಗೂ ತಿಳಿಯದೆ ವಾಪಸು ಬರುತ್ತಿದ್ದೆ.

ಈಗ ಇದೇ ಕೆಲಸಕ್ಕೆ ಸೇರಿರುವ ಕೆಲವರು ಭೇಟಿಯಾದಾಗಲೆಲ್ಲ, ‘ಆಗ ಹೆಂಗ ಮಾಡ್ತಿದ್ರಿ ಸರ್, ಸ್ವಲ್ಪ ಬರದ ಕೊಡ್ರಿ’ ಎನ್ನುತ್ತಾರೆ. ಹೇಗೆ ಮಾಡುತ್ತಿದ್ದೆವು ಎಂದರೆ, ಬಹುತೇಕ ಗೊಂದಲದಲ್ಲೇ ಮಾಡುತ್ತಿದ್ದೆವು. ಅದನ್ನೇ ಬರೆಯುತ್ತೇನೆ.

ಎರಡು ಸಾವಿರದ ಆಸುಪಾಸಿನ ಮಾತು. ಬೆಳಗಾವಿಯ ಖಡೇಬಜಾರಿನ ಪಕ್ಕದ ಗಲ್ಲಿಯೊಂದರಲ್ಲಿ ಬಟ್ಟೆ ಅಂಗಡಿಯ ಮೇಲೆ ಎರಡು ಕೋಣೆ. ಅದೇ ನಮ್ಮ ಸಂಸ್ಥೆ. ಶಾಲೆ, ವಾಚನಾಲಯ, ಸಣ್ಣ ಕಾರ್ಖಾನೆಗಳಿಗೆ ಲಿನಕ್ಸ್ ಹಾಕಿಕೊಡುತ್ತಿದ್ದೆವು. ಯಾರು ಬೇಕಾದರೂ ಪುಕ್ಕಟೆ ಬಳಸಬಹುದಾದ, ಒಳಗಿನ ಬರಹವನ್ನು ತೆರೆದು ನೋಡಬಹುದಾದ, ತಿದ್ದಬಹುದಾದ ವ್ಯವಸ್ಥೆ ಅದು. ಅದರ ಮೇಲೆ ಕನ್ನಡ, ಮರಾಠಿ ಅಕ್ಷರಗಳು ಮೂಡುವಂತೆ ಮಾಡಿ, ಅವರವರಿಗೆ ಬೇಕಾದ ಸಣ್ಣ ಪ್ರೋಗ್ರಾಮುಗಳನ್ನು ಪ್ಯಾಕೇಜ್ ಮಾಡಿ ಸಿಡಿಯಲ್ಲಿ ಕೊಡುವುದು ನನ್ನ ಪಾಲಿನ ಕೆಲಸ.

ಪ್ಯಾಕೇಜ್ ಅಂದರೆ ಒಂದು ಕಟ್ಟು. ಒಳಗೆ ಸಾಮಾನು ಇರುತ್ತದೆ, ಜೊತೆಗೆ ಕೆಲವು ಚೀಟಿಗಳೂ ಇರುತ್ತವೆ. ಸಾಮಾನು ಇಳಿಸುವ ಮೊದಲು ಏನು ಮಾಡಬೇಕು, ಇಳಿಸಿದ ಮೇಲೆ ಏನು ಮಾಡಬೇಕು, ಮುಂದೆಂದಾದರೂ ತೆಗೆದುಹಾಕುವಾಗ ಏನು ಮಾಡಬೇಕು ಎಂದು ಕಂಪ್ಯೂಟರಿಗೆ ಹೇಳುವ ಚೀಟಿಗಳು. ಅವಕ್ಕೆ ಸ್ಕ್ರಿಪ್ಟ್ ಎನ್ನುತ್ತೇವೆ. ಸಾಮಾನಿನಲ್ಲಿ ತಪ್ಪಿದ್ದರೆ ಬೇಗ ಕಣ್ಣಿಗೆ ಬೀಳುತ್ತದೆ. ಚೀಟಿಯಲ್ಲಿ ತಪ್ಪಿದ್ದರೆ ಸಾಮಾನು ಇಳಿಸುವವರ ತಪ್ಪಿನ ಹಾಗೆ ಕಾಣುತ್ತದೆ. ಇದನ್ನು ಕಲಿಯಲು ನನಗೆ ಬಹಳ ದಿನ ಹಿಡಿಯಿತು.

ಸೇರಿದ ಹೊಸತರಲ್ಲಿ ಕಾಕತಿಯ ಒಂದು ಸಣ್ಣ ಕಾರ್ಖಾನೆಗೆ ಹೋಗಿದ್ದೆ. ಸಿಡಿ ಹಾಕಿ ಮೊದಲನೇ ಪ್ಯಾಕೇಜ್ ಕೂಡಿಸಲು ಹೋದರೆ, ‘ಎರಡನೆಯದು ಬೇಕು’ ಎಂದಿತು. ಎರಡನೆಯದನ್ನು ಕೂಡಿಸಲು ಹೋದರೆ, ‘ಮೊದಲನೆಯದು ಬೇಕು’ ಎಂದಿತು. ಎರಡನ್ನೂ ನಾನೇ ಕಟ್ಟಿದ್ದು. ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಒಂದಾದ ಮೇಲೆ ಒಂದನ್ನು ಬೇಡಿಕೊಂಡೆ. ಅಲ್ಲಿಯ ಸ್ಟೋರ್ ನೋಡಿಕೊಳ್ಳುವ ಹೆಣ್ಣುಮಗಳು ಅಷ್ಟು ಹೊತ್ತೂ ನನ್ನನ್ನು ಗಮನಿಸುತ್ತಿದ್ದಳು. ಕೊನೆಗೆ, ‘ಎರಡನ್ನೂ ಕೂಡೇ ಒಳಗ ಬಿಟ್ರ ಆಗಂಗಿಲ್ಲೇನ್ರಿ?’ ಎಂದಳು. ಆಗುತ್ತಿತ್ತು. ಒಂದೇ ಸಾಲಿನಲ್ಲಿ ಎರಡೂ ಹೆಸರು ಬರೆದು ಒತ್ತಿದೆ, ಕೂತುಬಿಟ್ಟವು. ಬಸ್ಸಿನಲ್ಲಿ ಬರುವಾಗ, ಇಷ್ಟು ಸುಲಭದ್ದು ಗೊತ್ತಿಲ್ಲದ ನಾನು ಈ ಕೆಲಸಕ್ಕೆ ಯೋಗ್ಯನೇ ಎಂದು ಯೋಚಿಸಿದೆ. ಮುಂದೆಯೂ ಎಷ್ಟೋ ಸಲ ಯೋಚಿಸಿದ್ದೇನೆ.

ನಮ್ಮ ಸಂಸ್ಥೆಯ ಮುಖ್ಯಸ್ಥೆ ಹಿರೇಮಠ ಮೇಡಂ. ಪಾಲಿಟೆಕ್ನಿಕ್ಕಿನಲ್ಲಿ ಕಲಿಸಿ ಬಂದವರು. ಏನಾದರೂ ಕೆಟ್ಟಿತೆಂದು ಹೇಳಲು ಹೋದರೆ ಮುಖ ನೋಡುತ್ತಿರಲಿಲ್ಲ, ಕೈ ಚಾಚುತ್ತಿದ್ದರು. ಬರೆದದ್ದನ್ನು ಕೊಡಬೇಕು. ‘ಪರದೆ ಮ್ಯಾಲೆ ಏನ್ ಬಂತು, ಅದನ್ನ ಹಂಗs ಬರೀರಿ. ನಿಮಗ ಏನ್ ಅನಸ್ತು, ಅದನ್ನ ಬ್ಯಾರೆ ಹಾಳ್ಯಾಗ ಬರೀರಿ’ ಎನ್ನುವುದು ಅವರ ಪಾಠ. ನಾನು ಎರಡನ್ನೂ ಒಂದೇ ಹಾಳೆಯಲ್ಲಿ ಬರೆದು ಬೈಸಿಕೊಳ್ಳುತ್ತಿದ್ದೆ.

ಖಾನಾಪುರದ ಒಂದು ಖಾಸಗಿ ವಾಚನಾಲಯದ ಕೆಲಸ ನಮಗೆ ಬಂದದ್ದು ಆ ದಿನಗಳಲ್ಲೇ. ಕನ್ನಡ ಪುಸ್ತಕ, ಮರಾಠಿ ಪುಸ್ತಕ ಎರಡೂ ಹೆಚ್ಚುಕಡಿಮೆ ಸರಿಸಮ ಇದ್ದ ವಾಚನಾಲಯ. ಒಂದೇ ಬಾಗಿಲು, ಎಡಗಡೆ ಕನ್ನಡದ ಕಪಾಟುಗಳು, ಬಲಗಡೆ ಮರಾಠಿಯವು. ಕಾರ್ಯದರ್ಶಿ ಹೊಸಮನಿ ಮಾಸ್ತರರು ನಿವೃತ್ತ ಕನ್ನಡ ಶಿಕ್ಷಕರು. ಎಲ್ಲ ಪುಸ್ತಕಗಳ ಪಟ್ಟಿ ಕಂಪ್ಯೂಟರಿನಲ್ಲಿ ಇರಬೇಕು, ಯಾರು ಬಂದು ಯಾವ ಪುಸ್ತಕ ಕೇಳಿದರೂ ಯಾವ ಕಪಾಟಿನ ಯಾವ ಸಾಲು ಎಂದು ಹೇಳಬೇಕು ಎಂಬುದು ಅವರ ಆಸೆ.

ಆಗ ಎರಡು ಲಿಪಿಗಳನ್ನು ಒಂದೇ ಪಟ್ಟಿಯಲ್ಲಿ ಇಡುವ ಉಪಾಯ ನಮ್ಮ ಕೈಯಲ್ಲಿ ಇರಲಿಲ್ಲ. ಆದ್ದರಿಂದ ಎರಡು ಪ್ಯಾಕೇಜ್ ಕಟ್ಟಿದೆ. ಒಂದು ಕನ್ನಡ ಪಟ್ಟಿಗೆ, ಒಂದು ಮರಾಠಿ ಪಟ್ಟಿಗೆ. ಅಕ್ಷರ ಬಿಟ್ಟರೆ ಎರಡೂ ಒಂದೇ.

ಟೈಪ್ ಮಾಡಲು ಅವರು ನೇಮಿಸಿಕೊಂಡಿದ್ದವರು ವೈಜಯಂತಿ ಗುರವ. ಎಲ್ಲರೂ ಗುರವಬಾಯಿ, ಇಲ್ಲವೆ ಬರೇ ಬಾಯಿ ಎನ್ನುತ್ತಿದ್ದರು. ಮೂವತ್ತರ ಆಸುಪಾಸಿನ ವಯಸ್ಸು, ಹಲಸಿಯಿಂದ ದಿನಾ ಬಸ್ಸಿಗೆ ಬರುತ್ತಿದ್ದರು. ಮನೆಮಾತು ಮರಾಠಿ. ಆದರೆ ಕನ್ನಡ ಟೈಪಿನಲ್ಲಿ ಅವರನ್ನು ಮೀರಿಸುವವರು ಇರಲಿಲ್ಲ. ಮಾಸ್ತರರೇ ನನ್ನ ಮುಂದೆ, ‘ಬಾಯಾರ ಕೈಯಾಗ ಒಂದs ಒಂದ್ ಒತ್ತಕ್ಷರ ತಪ್ಪಂಗಿಲ್ಲ ನೋಡ್ರಿ. ನಾನs ತಪ್ಪಬೇಕು’ ಎಂದು ಹೊಗಳಿದ್ದರು. ಬಾಯಿ ಹೆಚ್ಚು ಮಾತನಾಡುವವರಲ್ಲ. ಪುಸ್ತಕದ ಮೊದಲ ಪುಟ ತೆಗೆದು, ಹೆಸರನ್ನು ಒಮ್ಮೆ ಮೆಲ್ಲಗೆ ಓದಿಕೊಂಡು, ಆಮೇಲೆ ಟೈಪ್ ಮಾಡುತ್ತಿದ್ದರು. ಹದಿನಾಲ್ಕು ತಿಂಗಳಲ್ಲಿ ಎರಡೂ ಗೋಡೆಯ ಕಪಾಟುಗಳು ಮುಗಿಯುತ್ತ ಬಂದವು.

ಅಷ್ಟರಲ್ಲಿ ಕನ್ನಡ ಪಟ್ಟಿಯಲ್ಲಿ ಒಂದು ದೋಷ ಕಂಡಿತು. ಪ್ರಿಂಟ್ ತೆಗೆದರೆ ಕೆಲವು ಒತ್ತಕ್ಷರಗಳು ಕೆಳಗಿನ ಸಾಲಿನ ಮೇಲೆ ಬೀಳುತ್ತಿದ್ದವು. ನಾನು ಸರಿಪಡಿಸಿ ಹೊಸ ಆವೃತ್ತಿಯ ಪ್ಯಾಕೇಜ್ ಮಾಡಿ, ಸಿಡಿಯನ್ನು ಅಂಚೆಯಲ್ಲಿ ಕಳಿಸಿದೆ. ಜೊತೆಗೆ ಒಂದು ಹಾಳೆಯಲ್ಲಿ, ಇಂಥ ಎರಡು ಸಾಲು ಟೈಪ್ ಮಾಡಿರಿ, ಹಳೆಯದರ ಜಾಗದಲ್ಲಿ ಹೊಸದು ಬರುತ್ತದೆ ಎಂದು ಬರೆದಿದ್ದೆ. ಮರಾಠಿಯದರಲ್ಲಿ ತೊಂದರೆ ಇರಲಿಲ್ಲ, ಅದನ್ನು ಮುಟ್ಟಲಿಲ್ಲ.

ಶನಿವಾರ ಬಾಯಿ ಆ ಎರಡು ಸಾಲು ಟೈಪ್ ಮಾಡಿ, ಕಂಪ್ಯೂಟರ್ ಬಂದ್ ಮಾಡಿ ಊರಿಗೆ ಹೋದರು. ಸೋಮವಾರ ಬಂದು ತೆರೆದರೆ ಕನ್ನಡ ಪಟ್ಟಿ ಖಾಲಿ. ಒಂದು ಹೆಸರೂ ಇಲ್ಲ. ಮರಾಠಿ ಪಟ್ಟಿ ಇದ್ದ ಹಾಗೇ ಇದೆ.

ಮಾಸ್ತರರ ಫೋನ್ ಬಂದಾಗ ನಾನು ನಗುತ್ತಲೇ ಮಾತನಾಡಿದೆ. ಎಲ್ಲೋ ಅಡಗಿರುತ್ತದೆ, ಬಂದು ತೆಗೆದುಕೊಡುತ್ತೇನೆ ಎಂದೆ. ಹೋಗಿ ನೋಡಿದೆ. ಪಟ್ಟಿ ಇಟ್ಟ ಫೋಲ್ಡರೇ ಇರಲಿಲ್ಲ. ಪ್ರತಿದಿನ ತಾನಾಗಿ ಒಂದು ನಕಲು ಆಗಲಿ ಎಂದು ವ್ಯವಸ್ಥೆ ಮಾಡಿದ್ದೆ. ಆ ನಕಲನ್ನು ಅದೇ ಫೋಲ್ಡರಿನ ಒಳಗೆ ಇಟ್ಟಿದ್ದೆ. ಅದೂ ಹೋಗಿತ್ತು. ಬಾಯಿ ತಿಂಗಳಿಗೊಮ್ಮೆ ಫ್ಲಾಪಿಗೆ ಇಳಿಸಿ ಇಟ್ಟಿದ್ದರು. ಜಾಂಬೋಟಿ ಘಟ್ಟದ ಕಡೆಯಿಂದ ಬರುವ ಮಳೆಗಾಲದ ಥಂಡಿಗೆ ಕಪಾಟಿನಲ್ಲೇ ಫ್ಲಾಪಿಗಳಿಗೆ ಬೂಸು ಹಿಡಿದಿತ್ತು. ಒಂದೊಂದನ್ನೇ ಒರೆಸಿ ಹಾಕಿದೆ. ಕರಕರ ಸದ್ದು ಮಾಡಿ ಸುಮ್ಮನಾದವು.

ನನಗೆ ತಲೆ ಓಡಲಿಲ್ಲ. ಅಲ್ಲೇ ಕುಳಿತು ಕನ್ನಡ ಪಟ್ಟಿಗೆ ನಾಲ್ಕು ಪುಸ್ತಕ ಸೇರಿಸಿ, ಅದೇ ಸಿಡಿಯನ್ನು ಮತ್ತೆ ಹಾಕಿದೆ. ‘ಈಗಾಗಲೇ ಇದೆ’ ಎಂದು ಹೇಳಿತು. ನಾಲ್ಕು ಪುಸ್ತಕಗಳೂ ಉಳಿದವು. ಬಾಯಿ ಪಕ್ಕದಲ್ಲೇ ನಿಂತಿದ್ದರು.

‘ಶನಿವಾರ ನೀವು ಏನೇನ್ ಮಾಡಿದ್ರಿ ಬಾಯಾರ?’ ಎಂದು ಕೇಳಿದೆ.

‘ನಿಮ್ಮ ಹಾಳಿ ನೋಡಿ ಎರಡ್ ಸಾಲ ಹೊಡದೀನ್ರಿ. ಮತ್ತೇನೂ ಇಲ್ಲ.’

‘ಪರದೆ ಮ್ಯಾಲೆ ಏನ್ ಬಂತು?’

‘ಮೊದಲ ರೆಡಿ ಅಂತ ಬಂತ್ರಿ. ಆಮ್ಯಾಲ ರಿಮೂವ್ಡ್ ಅಂತ ಬಂತು.’

ಈ ಎರಡೂ ಮಾತು ನಾನೇ ಚೀಟಿಗಳಲ್ಲಿ ಬರೆದಿಟ್ಟಿದ್ದವು. ಹೊಸದು ಕೂತ ಮೇಲೆ ‘ರೆಡಿ’ ಎನ್ನಬೇಕು. ಹಳೆಯದು ಹೋದ ಮೇಲೆ ‘ರಿಮೂವ್ಡ್’ ಎನ್ನಬೇಕು.

‘ಉಲ್ಟಾ ಹೇಳಾಕತ್ತೀರಿ,’ ಎಂದೆ. ‘ಮೊದಲ ಹಳೇದು ಹೋಗತೈತಿ, ಆಮ್ಯಾಲ ಹೊಸಾದು ಬರತೈತಿ. ಮೊದಲ ರಿಮೂವ್ಡ್ ಬಂದಿರಬೇಕು.’

‘ಇಲ್ರಿ. ಮೊದಲ ರೆಡಿ.’

‘ನೆನಪ ಮಾಡ್ಕೋರಿ.’

‘ನೆನಪೈತ್ರಿ. ರೆಡಿ ಅಂತ ಬಂದ ಕೂಡ್ಲೆ ನಾ ಎದ್ದು ಚೀಲಾ ತಗೊಂಡೆ. ಆಮ್ಯಾಲ ಇನ್ನೊಂದ್ ಸಾಲ ಬಂತು, ಅದಕ್ಕ ತಿರುಗಿ ನೋಡಿದೆ.’

ನಾನು ನಂಬಲಿಲ್ಲ. ಹಳೆಯ ಬಾಡಿಗೆದಾರ ಇನ್ನೂ ಒಳಗಿರುವಾಗ ಹೊಸಬರು ಬಂದು ಸಾಮಾನು ಇಳಿಸುತ್ತಾರೆಯೇ? ಯಾವ ಬುದ್ಧಿವಂತನೂ ಹಾಗೆ ಮಾಡಲಾರ ಎಂದುಕೊಂಡೆ. ಅದನ್ನು ಹಾಳೆಯಲ್ಲಿ ಬರೆದುಕೊಳ್ಳಲೂ ಇಲ್ಲ.

ಬೆಳಗಾವಿಗೆ ಬಂದು ನಮ್ಮ ಪರೀಕ್ಷೆಯ ಕಂಪ್ಯೂಟರಿನಲ್ಲಿ ಹೊಸ ಪ್ಯಾಕೇಜ್ ಹಾಕಿ ನೋಡಿದೆ. ಸರಿಯಾಗಿ ಕೂತಿತು. ಕಂಪ್ಯೂಟರನ್ನು ಪೂರ್ತಿ ಒರೆಸಿ, ಮೊದಲಿನಿಂದ ತುಂಬಿ, ಮತ್ತೆ ಹಾಕಿದೆ. ಮತ್ತೂ ಸರಿ. ಒಂದು ವಾರ ಇದನ್ನೇ ಮಾಡಿದೆ. ಒಂದು ಸಲವೂ ಪಟ್ಟಿ ಅಳಿಸಿಹೋಗಲಿಲ್ಲ. ವಾಚನಾಲಯದ ಡಿಸ್ಕನ್ನು ತರಿಸಿ, ಅಳಿದ ಪಟ್ಟಿಯನ್ನು ಅದರ ತಳದಿಂದ ಹೆಕ್ಕಿ ತೆಗೆಯಲೂ ನೋಡಿದೆ. ಅರ್ಧ ಹೆಸರು, ಯಾವುದೋ ಲೇಖಕರ ಅಡ್ಡಹೆಸರು, ಮತ್ತೆ ಚುಕ್ಕೆಗಳು ಬಂದವು. ಯಾವುದಕ್ಕೆ ಯಾವುದನ್ನು ಜೋಡಿಸಬೇಕೋ ತಿಳಿಯದೆ ಬಿಟ್ಟೆ.

ಅತ್ತ ಖಾನಾಪುರದಲ್ಲಿ ಮಾತು ಬೇರೆಯೇ ದಾರಿ ಹಿಡಿದಿತ್ತು. ಗಡಿಭಾಗದಲ್ಲಿ ಇರುವವರಿಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕನ್ನಡದ್ದು ಹೋಗಿದೆ, ಮರಾಠಿಯದು ಉಳಿದಿದೆ, ಟೈಪ್ ಮಾಡುವವರು ಮರಾಠಿಯವರು. ಮೊದಲು ಯಾರು ಆಡಿದರೋ ಗೊತ್ತಿಲ್ಲ. ಕಮಿಟಿಯ ಒಬ್ಬ ಸದಸ್ಯರು, ಬಾಯಿಗೆ ಯಾರೋ ಹೇಳಿಕೊಟ್ಟು ಅಳಿಸಿಸಿದ್ದಾರೆ ಎಂದರಂತೆ. ಮರಾಠಿಯ ಸದಸ್ಯರೊಬ್ಬರು, ನಮ್ಮ ಹೆಣ್ಣುಮಗಳ ಮೇಲೆ ಗೂಬೆ ಕೂರಿಸಲು ನೀವೇ ಅಳಿಸಿದ್ದೀರಿ ಎಂದರಂತೆ. ಪತ್ರಿಕೆ ಓದಲು ಬರುವವರು ಎಡಗಡೆ ಬಲಗಡೆ ಬೇರೆಬೇರೆ ಬೆಂಚಿನಲ್ಲಿ ಕೂಡತೊಡಗಿದರು.

ಮಾಸ್ತರರು ನನ್ನನ್ನು ಕರೆಸಿದರು. ‘ಬಾಗವಾನ ಅವರ, ನೀವು ಆ ಕಡೀನೂ ಅಲ್ಲ, ಈ ಕಡೀನೂ ಅಲ್ಲ. ಮನ್ಯಾಗ ನಿಮ್ಮದು ದಖನಿ ಮಾತು. ನೀವ್ ಏನ್ ಬರದ ಕೊಡ್ತೀರೋ ಅದನ್ನ ಎಲ್ಲಾರೂ ಒಪ್ಪತಾರ. ತನಿಖೆ ಮಾಡಿ ಒಂದ್ ವರದಿ ಕೊಡ್ರಿ.’

ವರದಿ ಬರೆದೆ. ನನ್ನ ಕಡತದಲ್ಲಿ ಅದರ ನಕಲು ಇನ್ನೂ ಇದೆ. ‘ಪ್ಯಾಕೇಜನ್ನು ಹಲವು ಬಾರಿ ಪರೀಕ್ಷಿಸಲಾಗಿ ಯಾವ ದೋಷವೂ ಕಂಡುಬಂದಿಲ್ಲ. ಪಟ್ಟಿಯು ನಿರ್ವಾಹಕಿ ವೈಜಯಂತಿ ಗುರವ ಅವರ ಕೈಯಿಂದ ಅಳಿಸಿಹೋಗಿರುವ ಸಾಧ್ಯತೆ ಇದೆ.’ ಬೇಕೆಂದೇ ಅಳಿಸಿದರು ಎಂದು ಬರೆಯಲಿಲ್ಲ. ತಿಳಿಯದೆ ಅಳಿಸಿದರು ಎಂದೂ ಬರೆಯಲಿಲ್ಲ. ಹಾಗೆ ಬರೆದದ್ದರಿಂದ ನ್ಯಾಯವಾಗಿ ನಡೆದುಕೊಂಡೆ ಎಂದು ಭಾವಿಸಿದೆ.

ಹಿರೇಮಠ ಮೇಡಂ ಓದಿ, ಎರಡನೇ ವಾಕ್ಯದ ಮೇಲೆ ಬೆರಳಿಟ್ಟರು. ‘ಇದು ನೀವ್ ಕಂಡದ್ದೋ, ನಿಮಗ ಅನಸಿದ್ದೋ?’

‘ಬ್ಯಾರೆ ದಾರಿನ ಇಲ್ರಿ ಮೇಡಂ. ಆ ಮಷೀನ್ ಮುಟ್ಟೋರು ಅವರೊಬ್ಬರs.’

ಮೇಡಂ ಆ ವಾಕ್ಯವನ್ನು ಇನ್ನೊಮ್ಮೆ ಓದಿದರು. ಆಮೇಲೆ ಸಹಿ ಮಾಡಿದರು.

ಆ ವರದಿಯನ್ನು ಬಾಯಿಯ ಮುಂದೆಯೇ ಓದಿ, ಮುಂದಿನ ತಿಂಗಳಿನಿಂದ ಬರುವುದು ಬೇಡ ಎಂದು ಕಮಿಟಿ ತೀರ್ಮಾನಿಸಿತು. ಅವರು ಯಾರ ಹತ್ತಿರವೂ ವಾದ ಮಾಡಲಿಲ್ಲವಂತೆ. ಅರ್ಧಕ್ಕೆ ನಿಂತಿದ್ದ ಕಪಾಟಿನಲ್ಲಿ ಎಲ್ಲಿಯವರೆಗೆ ಮುಗಿದಿದೆ ಎಂಬುದಕ್ಕೆ ಒಂದು ಗುರುತಿನ ಕಾಗದ ಇಟ್ಟು ಹೋದರಂತೆ.

ಅದಾಗಿ ಆರೇಳು ತಿಂಗಳು ಕಳೆದಿರಬೇಕು. ನಮ್ಮ ಕಚೇರಿಯಲ್ಲೇ ಮೇಡಂ ಅವರ ಕಂಪ್ಯೂಟರಿನಲ್ಲಿ ಗ್ರಾಹಕರ ವಿಳಾಸಗಳ ಒಂದು ಪಟ್ಟಿ ಇತ್ತು. ಅದೂ ಅಂಥವೇ ಚೀಟಿಗಳನ್ನು ಇಟ್ಟು ನಾನೇ ಕಟ್ಟಿದ ಪ್ಯಾಕೇಜ್. ಒಂದು ಮಧ್ಯಾಹ್ನ ಅದರ ಹೊಸ ಆವೃತ್ತಿಯನ್ನು ಮೇಡಂ ಪಕ್ಕದಲ್ಲೇ ಕುಳಿತು ಹಾಕಿದೆ. ಪರದೆಯ ಮೇಲೆ ‘ರೆಡಿ’ ಎಂದು ಬಂತು. ಅದರ ಕೆಳಗೆ ‘ರಿಮೂವ್ಡ್’ ಎಂದು ಬಂತು.

ನನ್ನ ಕೈ ಕೀಬೋರ್ಡಿನ ಮೇಲೇ ಉಳಿಯಿತು.

ಮೇಡಂ ಪಟ್ಟಿ ತೆರೆದರು. ಖಾಲಿ. ‘ಏನ್ ಮಾಡಿದ್ರಿ ಬಾಗವಾನ?’ ಎಂದರು.

‘ಏನೂ ಮಾಡಿಲ್ರಿ. ಎರಡ್ ಸಾಲ ಹೊಡದೀನಿ, ಅಷ್ಟ’ ಎಂದೆ. ಹೇಳುತ್ತಿರುವಾಗಲೇ ಆ ಮಾತನ್ನು ಬೇರೆಯವರ ಬಾಯಿಂದ ಕೇಳಿದ್ದೆ ಎನ್ನಿಸಿತು.

ಆ ವಾರವೆಲ್ಲ ಪ್ರತಿ ಚೀಟಿಯ ಪ್ರತಿ ಸಾಲಿಗೂ ಒಂದೊಂದು ಗುರುತು ಹಾಕಿ, ಯಾವುದು ಯಾವಾಗ ಓಡುತ್ತದೆ ಎಂದು ಬರೆದುಕೊಳ್ಳುತ್ತ ಹೋದೆ. ನಾನು ಅಸಾಧ್ಯ ಎಂದುಕೊಂಡಿದ್ದೇ ಅಲ್ಲಿಯ ಪದ್ಧತಿಯಾಗಿತ್ತು. ಹಳೆಯದರ ಜಾಗಕ್ಕೆ ಹೊಸದು ಬರುವಾಗ, ಮೊದಲು ಹೊಸದು ಒಳಗೆ ಬಂದು ಸಾಮಾನು ಇಳಿಸಿ ‘ರೆಡಿ’ ಎನ್ನುತ್ತದೆ. ಆಮೇಲೆ ಹಳೆಯದು ಹೊರಡುತ್ತದೆ. ಹೊರಡುವಾಗ ತನ್ನ ಹೊರಡುವ ಚೀಟಿಯನ್ನು ಓದಿ ಅದರಂತೆ ಮಾಡುತ್ತದೆ. ನಾನು ಆ ಚೀಟಿಯಲ್ಲಿ, ಕಸ ಉಳಿಯಬಾರದು ಎಂದು ಬಹಳ ಅಚ್ಚುಕಟ್ಟಾಗಿ, ಪಟ್ಟಿ ಇರುವ ಫೋಲ್ಡರನ್ನೇ ಒರೆಸಿಬಿಡು ಎಂದು ಒಂದು ಸಾಲು ಬರೆದಿದ್ದೆ. ಹಳೆಯದು ಹೋಗುವಾಗ ಹೊಸದಕ್ಕೆ ಬೇಕಾದ ಪಟ್ಟಿಯನ್ನೂ ಒರೆಸಿಕೊಂಡು ಹೋಗುತ್ತಿತ್ತು.

ನಾನು ಪರೀಕ್ಷೆ ಮಾಡುತ್ತಿದ್ದುದು ಪ್ರತಿ ಸಲ ಹೊಸದಾಗಿ ತುಂಬಿದ ಕಂಪ್ಯೂಟರಿನಲ್ಲಿ. ಅಲ್ಲಿ ಹಳೆಯದು ಇರುತ್ತಲೇ ಇರಲಿಲ್ಲ. ಹೊರಡುವ ಚೀಟಿ ಓಡುವ ಪ್ರಶ್ನೆಯೇ ಇಲ್ಲ. ಮರಾಠಿಯ ಪ್ಯಾಕೇಜಿನಲ್ಲೂ ಅದೇ ಸಾಲು ಇತ್ತು. ಅದಕ್ಕೆ ಹೊಸ ಆವೃತ್ತಿ ಬಂದಿರಲಿಲ್ಲ, ಆದ್ದರಿಂದ ಅದರ ಪಟ್ಟಿ ಬದುಕಿತ್ತು. ಅಷ್ಟೇ.

ಕೈಪಿಡಿಯಲ್ಲಿ ಇದು ಬರೆದಿತ್ತು. ಹೊರಡುವ ಚೀಟಿಗೆ ಒಂದು ಅಂಕಿ ಬರುತ್ತದೆ. ಸೊನ್ನೆ ಇದ್ದರೆ ಕಾಯಂ ಹೊರಡುತ್ತಿದ್ದೇವೆ ಎಂದು, ಒಂದು ಇದ್ದರೆ ತನ್ನ ಬದಲಿಗೆ ಇನ್ನೊಂದು ಬಂದಿದೆ ಎಂದು ಅರ್ಥ. ಅದನ್ನು ನೋಡಿ ಒರೆಸಬೇಕೋ ಬೇಡವೋ ತೀರ್ಮಾನಿಸಬೇಕು. ಆ ಪುಟವನ್ನು ನಾನು ಓದಿದ್ದೆ, ಅಡಿಗೆರೆ ಕೂಡ ಹಾಕಿದ್ದೆ. ಓದಿದ್ದೂ ತಿಳಿಯದೆ ಹೇಗೆ ಉಳಿಯಿತು ಎಂಬುದು ಈಗಲೂ ನನಗೆ ಗೊತ್ತಾಗುವುದಿಲ್ಲ.

ತಿಳಿದ ಮೇಲೂ ಗೊಂದಲ ಮುಗಿಯಲಿಲ್ಲ. ಸರಿಪಡಿಸಿದ ಹೊಸ ಪ್ಯಾಕೇಜ್ ಕಳಿಸೋಣ ಎಂದರೆ, ತಪ್ಪು ಇರುವುದು ಹೊಸದರಲ್ಲಿ ಅಲ್ಲ, ಆಗಲೇ ಊರೂರಿನ ಕಂಪ್ಯೂಟರುಗಳಲ್ಲಿ ಕೂತಿರುವ ಹಳೆಯದರಲ್ಲಿ. ಹೊಸದು ಕಾಲಿಟ್ಟ ಕೂಡಲೇ ಹಳೆಯದು ಒರೆಸಲು ಎದ್ದು ನಿಲ್ಲುತ್ತದೆ. ಕೊನೆಗೆ, ಬಂದ ಕೂಡಲೇ ಪಟ್ಟಿಯ ನಕಲನ್ನು ಬೇರೆ ಕಡೆ ಇಟ್ಟು, ಹಳೆಯದು ಹೋದ ಮೇಲೆ ವಾಪಸು ತಂದಿಡುವ ಚೀಟಿ ಬರೆದೆ. ಈಗಿನವರಾದ ನೀವು, ಹಳೆಯದು ಕೂತಿರುವ ಹತ್ತು ಕಂಪ್ಯೂಟರುಗಳನ್ನು ಒಂದು ಗಳಿಗೆಯಲ್ಲಿ ಒಂದೇ ಯಂತ್ರದೊಳಗೆ ತೋರಿಕೆಗೆ ಎಬ್ಬಿಸಿಕೊಂಡು ಪರೀಕ್ಷೆ ಮಾಡುತ್ತೀರಿ. ನಮ್ಮ ಬಳಿ ಇದ್ದದ್ದು ಒಂದು. ಆದರೂ ಅದು ನೆಪ. ಬಾಯಿ ಹೇಳಿದ್ದನ್ನು ಒಂದು ಸಲ ನಂಬಿ, ಹಳೆಯದರ ಮೇಲೆ ಹೊಸದನ್ನು ಹಾಕಿ ನೋಡಿದ್ದರೆ ಹತ್ತು ನಿಮಿಷದ ಕೆಲಸವಾಗಿತ್ತು.

ಮೇಡಂಗೆ ಹೇಳಿದೆ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ‘ನಾನೂ ಸಹಿ ಮಾಡೀನಿ’ ಎಂದರು. ಆಮೇಲೆ, ‘ಪತ್ರ ಹಾಕಬ್ಯಾಡ್ರಿ. ಹೋಗಿ ಹೇಳ್ರಿ’ ಎಂದರು.

ಮೊದಲು ಖಾನಾಪುರಕ್ಕೆ ಹೋದೆ. ಹೊಸಮನಿ ಮಾಸ್ತರರು ಪೂರ್ತಿ ಕೇಳಿ, ‘ಹಂಗಾರ ನಾವ್ ಆಡಿದ್ದೆಲ್ಲಾ?’ ಎಂದರು. ಬಾಯಿಗೆ ಯಾರೋ ಹೇಳಿಕೊಟ್ಟಿದ್ದಾರೆ ಎಂದಿದ್ದ ಸದಸ್ಯರು ಮಾತ್ರ ಒಪ್ಪಲಿಲ್ಲ. ‘ಈಗ್ಯಾಕ ಬ್ಯಾರೆ ಹೇಳಾಕತ್ತೀರಿ? ಯಾರರ ಬಂದು ಭೇಟಿ ಆಗಿದ್ರೇನು?’ ಎಂದು ನನ್ನನ್ನೇ ಕೇಳಿದರು. ಪ್ರಿಂಟ್ ತೆಗೆದ ಸಾಲುಗಳನ್ನು ಅವರ ಮುಂದೆ ಹರಡಿದೆ. ನೋಡಲಿಲ್ಲ. ನನ್ನ ಮೊದಲನೆಯ ವರದಿಯನ್ನು ಪರೀಕ್ಷಿಸದೆ ಎಲ್ಲರೂ ನಂಬಿದ್ದರು. ಈಗಿನ ಮಾತಿಗೆ ಸಾಕ್ಷಿ ಮುಂದಿಟ್ಟರೂ ಇವರು ನಂಬಲಿಲ್ಲ. ಮಾಸ್ತರರು, ಬರುವ ರವಿವಾರ ಕಮಿಟಿ ಸಭೆ ಕರೆಯುತ್ತೇನೆ, ಬರೆದು ತನ್ನಿರಿ ಎಂದರು.

ಅಲ್ಲಿಂದ ಹಲಸಿಗೆ ಹೋದೆ. ಸುಗ್ಗಿ ಮುಗಿದ ದಿನಗಳು. ಗುಡಿಯ ಹಿಂದಿನ ಓಣಿಯಲ್ಲಿ ಬಾಯಿಯ ಮನೆ. ಅಂಗಳದಲ್ಲಿ ಭತ್ತ ಹರವಿದ್ದರು. ಅವರು ಹೊಲಿಗೆ ಯಂತ್ರದ ಮುಂದೆ ಕುಳಿತಿದ್ದರು. ನನ್ನನ್ನು ನೋಡಿ ಎದ್ದು, ‘ಬರ್ರಿ, ಕುಂದರ್ರಿ’ ಎಂದು ಖುರ್ಚಿ ಹಾಕಿದರು, ನೀರು ಕೊಟ್ಟರು. ನಾನು ಎಲ್ಲವನ್ನೂ ಹೇಳಿದೆ.

ಮುಗಿದ ಮೇಲೆ, ‘ಹಂಗಾರ ಮೊದಲ ರೆಡಿ, ಆಮ್ಯಾಲ ರಿಮೂವ್ಡ್. ಖರೇ ಹೌದಲ್ರಿ?’ ಎಂದರು.

‘ಖರೇ ಬಾಯಾರ. ನೀವ್ ಹೇಳಿದ್ದ ಖರೇ ಇತ್ತು.’

ಯಾವ ಸಾಲು ಎಂದು ಕೇಳಿದರು. ಪ್ರಿಂಟ್ ತೋರಿಸಿದೆ. ಬೆರಳಿಟ್ಟು, ಪುಸ್ತಕದ ಹೆಸರು ಓದಿಕೊಳ್ಳುತ್ತಿದ್ದ ಹಾಗೆಯೇ ಮೆಲ್ಲಗೆ ಓದಿಕೊಂಡರು.

‘ತಪ್ಪಾತ್ರಿ. ಮಾಫಿ ಕೇಳಾಕ ಬಂದೀನಿ’ ಎಂದೆ.

‘ಒಂದ್ ಮಾತ ಕೇಳ್ತೀನ್ರಿ,’ ಎಂದರು. ‘ಕನ್ನಡದ್ದು ಉಳದು ಮರಾಠಿ ಪಟ್ಟಿ ಹೋಗಿತ್ತಂದ್ರ, ಕಾಗದದಾಗ ನನ್ನ ಹೆಸರ ಬರೀತಿದ್ರೇನು? ಮಷೀನ್ ಕೆಟ್ಟೈತಿ ಅಂತ ಬರೀತಿದ್ರಿ.’

ಇಲ್ಲ, ಆಗಲೂ ಹಾಗೇ ಬರೆಯುತ್ತಿದ್ದೆ ಎಂದು ಹೇಳಬೇಕೆಂದು ಬಾಯಿ ತೆರೆದೆ. ಅದು ನಿಜವೋ ಸುಳ್ಳೋ ನನಗೇ ಗೊತ್ತಿರಲಿಲ್ಲ. ಆ ಕಡೆಯೂ ಅಲ್ಲ ಈ ಕಡೆಯೂ ಅಲ್ಲ ಎಂದು ನನ್ನನ್ನು ಕರೆದಿದ್ದರು, ನಾನೂ ಹಾಗೆಯೇ ನಂಬಿದ್ದೆ. ಪೇಟೆಯಲ್ಲಿ, ಬಸ್ಸಿನಲ್ಲಿ ದಿನಾ ಕಿವಿಗೆ ಬೀಳುತ್ತಿದ್ದ ಮಾತುಗಳು ನನ್ನ ಆ ಒಂದು ವಾಕ್ಯದೊಳಗೆ ಯಾವಾಗ ಹೊಕ್ಕವು, ಹೊಕ್ಕಿದ್ದವೋ ಇಲ್ಲವೋ, ಇಷ್ಟು ವರ್ಷವಾದರೂ ನನಗೆ ಬಗೆಹರಿದಿಲ್ಲ. ಸ್ಕ್ರಿಪ್ಟಿನ ಪ್ರತಿ ಸಾಲಿಗೆ ಗುರುತು ಹಾಕಿ ನೋಡಿದ ಹಾಗೆ ಅದನ್ನು ನೋಡಲು ಬರುವುದಿಲ್ಲ.

‘ರವಿವಾರ ಸಭಾ ಐತ್ರಿ. ನಾ ಎಲ್ಲಾರ ಮುಂದ ಓದ್ತೀನಿ’ ಎಂದೆ.

‘ನೀವ್ ಓದಬ್ಯಾಡ್ರಿ,’ ಎಂದರು ಬಾಯಿ. ‘ನಾ ಬಂದು ಓದ್ತೀನಿ.’

ರವಿವಾರ ಸಭೆಗೆ ಎಂಟು ಹತ್ತು ಜನ ಬಂದಿದ್ದರು. ನಾನು ಕನ್ನಡದಲ್ಲಿ ಬರೆದು, ಟೈಪ್ ಮಾಡಿಸಿ, ಮೇಡಂ ಸಹಿಯನ್ನೂ ಹಾಕಿಸಿ ತಂದಿದ್ದೆ. ಬಾಯಿ ನಿಂತುಕೊಂಡೇ ಓದಿದರು. ದನಿ ದೊಡ್ಡದಲ್ಲ, ಆದರೆ ಒಂದು ಅಕ್ಷರವೂ ಜಾರಲಿಲ್ಲ. ಮಾಸ್ತರರು ತಲೆ ತಗ್ಗಿಸಿ ಕೇಳುತ್ತಿದ್ದರು. ಒಪ್ಪದ ಸದಸ್ಯರು ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದರು.

‘ಹೊಸ ಆವೃತ್ತಿಯನ್ನು ಹಾಕುವಾಗ ಸ್ಕ್ರಿಪ್ಟಿನಲ್ಲಿದ್ದ ದೋಷದಿಂದ ಕನ್ನಡ ಪಟ್ಟಿ ಅಳಿಸಿಹೋಗಿದೆ. ನಿರ್ವಾಹಕಿಯಿಂದ ಯಾವ ತಪ್ಪೂ ಆಗಿಲ್ಲ,’ ಎಂದು ಓದಿ ನಿಲ್ಲಿಸಿದರು. ಕಾಗದವನ್ನು ತಿರುಗಿಸಿ ಹಿಂದೆ ನೋಡಿದರು. ಹಿಂದೆ ಏನೂ ಇರಲಿಲ್ಲ.

‘ಇದನ್ನ ಯಾರ ಬರದದ್ರಿ, ಈ ಸ್ಕ್ರಿಪ್ಟು?’ ಎಂದು ನನ್ನನ್ನು ಕೇಳಿದರು.

‘ನಾನs.’

‘ಇಲ್ಲೆ ಹಂಗಿಲ್ಲಲ್ರಿ. ಮೊದಲ್ನೇ ಕಾಗದದಾಗ ನನ್ನ ಹೆಸರ ಪೂರ್ತಿ ಇತ್ತು. ಇದರಾಗ ನಿಮ್ಮ ಹೆಸರs ಇಲ್ಲ. ಸ್ಕ್ರಿಪ್ಟು ತನ್ನಷ್ಟಕ್ಕ ತಾನs ಬರಕೊಂಡಿತ್ತೇನು?’

ನಾನು ಬೇಕೆಂದು ಬಿಟ್ಟದ್ದಲ್ಲ. ಅಥವಾ ಬೇಕೆಂದೇ ಬಿಟ್ಟಿರಬಹುದು. ಎದ್ದು ಹೋಗಿ ಕಾಗದ ತೆಗೆದುಕೊಂಡೆ. ಜೇಬಿನಲ್ಲಿ ಪೆನ್ ಇರಲಿಲ್ಲ, ಮಾಸ್ತರರು ತಮ್ಮದನ್ನು ಕೊಟ್ಟರು. ಆ ಸಾಲಿನ ಮೇಲೆ ಇದ್ದ ಸ್ವಲ್ಪ ಜಾಗದಲ್ಲಿ ನನ್ನ ಹೆಸರನ್ನು ಪೂರ್ತಿಯಾಗಿ ಬರೆದೆ. ಎಲ್ಲರೂ ನೋಡುತ್ತಿದ್ದರು. ಅಕ್ಷರಗಳು ಸೊಟ್ಟಗೆ ಬಂದವು.

ಬಾಯಿ ಶಾಯಿ ಆರುವವರೆಗೆ ಕಾದು, ಆ ವಾಕ್ಯವನ್ನು ಮೊದಲಿನಿಂದ ಓದಿದರು. ಈ ಸಲ ನನ್ನ ಹೆಸರಿನ ಜೊತೆ. ಕೊನೆಯವರೆಗೂ ಓದಿ, ಕಾಗದವನ್ನು ಮಾಸ್ತರರ ಮುಂದೆ ಇಟ್ಟರು.

ಮಾಸ್ತರರು ಎದ್ದು ನಿಂತು ಕೈ ಜೋಡಿಸಿದರು. ‘ಬಾಯಾರ, ಪಟ್ಟಿ ಮತ್ತ ಮೊದಲಿಂದ ಮಾಡಬೇಕಾಗೈತಿ. ನಾಳಿಂದ ಬರ್ರಿ. ನಿಮ್ಮ ಜಾಗಾ ನಿಮಗs ಐತಿ.’

‘ಇಲ್ರಿ ಮಾಸ್ತರ,’ ಎಂದು ಬಾಯಿ ಚೀಲ ತೆಗೆದುಕೊಂಡರು. ‘ಓದಾಕ ಬಂದಿದ್ದೆ. ಓದೀನಿ.’

ಬಾಗಿಲಲ್ಲಿ ಚಪ್ಪಲಿ ಮೆಟ್ಟಿಕೊಂಡು, ಬಸ್‌ಸ್ಟ್ಯಾಂಡಿನ ಕಡೆ ನಡೆದರು.